ಒಂದು ಬಾಗಿಲಿನ ಬಣ್ಣ

ಹಳೆಯದನ್ನು ಮಾರುವಾಗ ಹೊಸದರಂತೆ ಮಾಡಿ ಮಾರಬೇಕೆಂಬುದು ಲೋಕರೂಢಿ. ಸಂತೆಗೆ ಹೊಡೆಯುವ ಎತ್ತಿನ ಕೊಂಬಿಗೂ ಹಿಂದಿನ ದಿನ ಎಣ್ಣೆ ಸವರುವರಷ್ಟೆ! ಈ ಲೋಕಜ್ಞಾನವನ್ನು ನಂಬಿ ನಾನು ನಮ್ಮ ಮನೆಗೆ ೪೦,೦೦೦ ರೂಪಾಯಿ ನಷ್ಟ ತಂದೆ. ಆ ಕಥೆಯನ್ನು ಇಲ್ಲಿ ಹೇಳಿಬಿಡುತ್ತೇನೆ.

ನಮ್ಮ ಹಿತ್ತಿಲ ಶೆಡ್ಡಿನಲ್ಲಿ ೧೯೬೦ನೆಯ ಇಸವಿಯ ಅಂಬಾಸಿಡರ್ ಕಾರೊಂದಿತ್ತು. ತರೀಕೆರೆಯ ವೈದ್ಯರೊಬ್ಬರು ಹೊಸದಾಗಿ ಕೊಂಡಿದ್ದುದು. ಮೊದಲು ನಮ್ಮ ತಾತ, ಅವರ ನಂತರ ನಮ್ಮ ತಂದೆ ಅದರ ಡ್ರೈವರುಗಳಾಗಿದ್ದರು. ವೈದ್ಯರು ತೀರಿಕೊಂಡ ಮೇಲೆ ಅವರ ಮನೆಯವರು ಬೆಂಗಳೂರಿಗೆ ಹೋಗುವಾಗ ಕಾರನ್ನು ತಂದೆಯ ಹೆಸರಿಗೆ ಬರೆದುಕೊಟ್ಟರು. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನ ಮಾದರಿಯಲ್ಲಿ ಕಲ್ಕತ್ತೆಯ ಹತ್ತಿರದ ಉತ್ತರಪಾರಾದಲ್ಲಿ ತಯಾರಾದ ಗಾಡಿ, ೧೪೮೯ ಸಿ.ಸಿ. ಎಂಜಿನ್ನು, ಮುಂದೆ ಬೆಂಚಿನಂಥ ಒಂದೇ ಸೀಟು, ಸ್ಟಿಯರಿಂಗಿನ ಪಕ್ಕದಲ್ಲೇ ಗೇರು. ನಮ್ಮ ನಾಡಿಗೆ ಮೈಸೂರು ರಾಜ್ಯವೆಂಬ ಹೆಸರಿದ್ದ ಕಾಲದ ‘ಎಂವೈ’ ಸಂಖ್ಯೆಯೂ ಹಾಗೆಯೇ ಇತ್ತು. ಬೂದು ಬಣ್ಣ ಕಾರ್ಖಾನೆಯಲ್ಲಿ ಬಳಿದದ್ದೇ; ಮಾಸಿತ್ತು, ಆದರೆ ಎಲ್ಲಿಯೂ ತುಕ್ಕಿರಲಿಲ್ಲ. ಭಾನುವಾರ ಬಂದರೆ ತಂದೆ ಅದನ್ನು ಒರೆಸುವರು. ಎಂಜಿನ್ ಚಾಲೂ ಮಾಡಿ ಕಾಲು ಗಂಟೆ ಅದರ ಸದ್ದನ್ನು ಆಲಿಸುವರು.

ಕಳೆದ ವರ್ಷ ತಂಗಿಗೆ ನರ್ಸಿಂಗ್ ಸೀಟು ಸಿಕ್ಕಿತು, ಶುಲ್ಕಕ್ಕೆ ಹಣವಿರಲಿಲ್ಲ. “ಕಾರು ಕೊಟ್ಟುಬಿಡೋಣ” ಎಂದರು ತಂದೆ, ಮಳೆ ಬರುವ ಹಾಗಿದೆ ಎನ್ನುವಷ್ಟೇ ಮೆಲ್ಲಗೆ. ಮೈಸೂರಿನ ಒಬ್ಬರು ಫೋನಿನಲ್ಲಿ ಕಳಿಸಿದ ಚಿತ್ರಗಳನ್ನು ನೋಡಿ ೩,೫೦,೦೦೦ ರೂಪಾಯಿಗೆ ಒಪ್ಪಿದರು. ಬಂದು ನೋಡುವ ದಿನವೂ ಗೊತ್ತಾಯಿತು.

ಡ್ರೈವರ್ ಕಡೆಯ ಬಾಗಿಲಿನ ಮೇಲಂಚಿನಲ್ಲಿ ಅಂಗೈಯಗಲ ಬಣ್ಣ ಸವೆದು ತಗಡು ಹೊಳೆಯುತ್ತಿತ್ತು. ನನ್ನ ಕಣ್ಣಿಗೆ ಕಂಡ ಕುಂದು ಅದೊಂದೇ. ತಂದೆ ಬೀರೂರಿಗೆ ಹೋಗಿದ್ದ ದಿನ ಉಪ್ಪುಕಾಗದ ತಂದು ಇಡೀ ಬಾಗಿಲನ್ನು ಉಜ್ಜಿ, ಪರಿಚಯದ ಪೇಂಟರನಿಂದ ಬಣ್ಣ ಹೊಡೆಸಿದೆ. ಬಾಗಿಲು ಕನ್ನಡಿಯಂತಾಯಿತು. ಸಂಜೆ ತಂದೆ ಬಂದು ನೋಡಿದರು, ಬೈಯಲಿಲ್ಲ. ಆ ಮೇಲಂಚಿನ ಹತ್ತಿರ ಕೈ ಒಯ್ದು, “ಇಲ್ಲಿ ನಿಮ್ಮ ತಾತ ಮೊಣಕೈ ಇಡ್ತಿದ್ರು. ಆಮೇಲೆ ನಾನು” ಎಂದಷ್ಟೇ ಹೇಳಿ ಕಾಲು ತೊಳೆಯಲು ಹೋದರು.

ಕೊಳ್ಳುವವರು ಬಂದರು. ಅವರ ಜೇಬಿನಲ್ಲೊಂದು ಅಯಸ್ಕಾಂತ. ಪುಟ್ಟಿ ತುಂಬಿದ ಕಡೆ ಅದು ಕಚ್ಚುವುದಿಲ್ಲವಂತೆ. ಚಾಸಿಯ ಸಂಖ್ಯೆಯನ್ನು ಆರ್.ಸಿ. ಪುಸ್ತಕದೊಡನೆ ತಾಳೆ ನೋಡಿ, ಹಿಂದಿನಿಂದ ಪರೀಕ್ಷೆ ಆರಂಭಿಸಿದರು. ಮುಂಬಾಗಿಲಿಗೆ ಬರುವ ಮೊದಲೇ ತಂದೆ ಹೇಳಿದರು: “ಸ್ವಾಮಿ, ಈ ಬಾಗಿಲಿಗೆ ಹೋದ ವಾರ ಬಣ್ಣ ಹೊಡೆದಿದೆ. ಉಳಿದದ್ದು ಯಾವುದನ್ನೂ ಮುಟ್ಟಿಲ್ಲ.” ನಾನು ನೆಲ ನೋಡಿದೆ.

ಅವರು ನಿಟ್ಟುಸಿರು ಬಿಟ್ಟರು. “ಬಣ್ಣ ಹೊಡೆಯುವವರು ಊರೂರಿಗೂ ಇದ್ದಾರೆ, ಉಜ್ಜಿಹಾಕಿದ ಬಣ್ಣ ತಂದುಕೊಡುವವರು ಎಲ್ಲಿಯೂ ಇಲ್ಲ” ಎಂದರು. ೨೦೨೧ರ ಕೇಂದ್ರ ಸರಕಾರದ ನಿಯಮದಂತೆ, ೫೦ ವರ್ಷ ದಾಟಿ ಮೂಲರೂಪದಲ್ಲಿಯೇ ಉಳಿದ ಖಾಸಗಿ ವಾಹನಕ್ಕೆ ‘ವಿಂಟೇಜ್’ ಎಂದು ಬೇರೆ ನೋಂದಣಿಯುಂಟು. ಅಂಥದನ್ನು ನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ, ಪ್ರದರ್ಶನ ಮುಂತಾದವಕ್ಕೆ ಮಾತ್ರ. ಒಂದು ಬಾಗಿಲಿನ ಬಣ್ಣದಿಂದ ಅದಕ್ಕೇನೂ ಅಡ್ಡಿಯಾಗದು, ಬೆಲೆ ಮಾತ್ರ ಇಳಿಯುವುದೆಂದು ವಿವರಿಸಿದರು. ವ್ಯವಹಾರ ೩,೧೦,೦೦೦ಕ್ಕೆ ಮುಗಿಯಿತು.

ರಾತ್ರಿ ಊಟಕ್ಕೆ ಕುಳಿತಾಗ ಕೇಳಿದೆ: “ಬಾಗಿಲಿಗೆ ಪುಟ್ಟಿ ಹಾಕಿರಲಿಲ್ಲ. ಅಯಸ್ಕಾಂತಕ್ಕೆ ಗೊತ್ತಾಗ್ತಿರಲಿಲ್ಲ. ಸುಮ್ಮನಿರಬಹುದಿತ್ತಲ್ಲಪ್ಪ?”

“ಇವತ್ತಲ್ಲದಿದ್ರೆ ನಾಳೆ ಕಾಣ್ತಿತ್ತು. ಆಗ ಉಳಿದ ಮೂರು ಬಾಗಿಲನ್ನೂ ಅವರು ನಂಬ್ತಿರಲಿಲ್ಲ” ಎಂದು ತಂದೆ ಮಜ್ಜಿಗೆ ಬಡಿಸಿಕೊಂಡರು.

ಮೂರು ವರ್ಷ ಕಾಲೇಜಿನಲ್ಲಿ ಕುಳಿತ ನನಗೆ ಹೊಳೆಯದ ಲೆಕ್ಕವದು.

ಕಾರನ್ನು ಒಯ್ಯಲು ಲಾರಿ ದೊಡ್ಡ ರಸ್ತೆಯಲ್ಲಿ ನಿಂತಿತ್ತು. ಅಲ್ಲಿಯವರೆಗೆ ತಂದೆಯೇ ಓಡಿಸಿದರು. ನಾನು ಪಕ್ಕದಲ್ಲಿ ಕುಳಿತೆ. ತಿರುವಿನಲ್ಲಿ ಅಭ್ಯಾಸಬಲದಿಂದ ಅವರ ಮೊಣಕೈ ಬಾಗಿಲಿನ ಮೇಲೆ ಹೋಯಿತು. ಒಡನೆಯೇ, ಹೊಸ ಬಣ್ಣ ಕೆಟ್ಟೀತೆಂದು ಕೈಯನ್ನು ಹಿಂದಕ್ಕೆ ತೆಗೆದುಕೊಂಡರು.