ಮಂಡಿ ಹೌಸಿನಲ್ಲಿ ಕಾರಂತರ ನೆನಪು

ದೆಹಲಿಯ ಮಂಡಿ ಹೌಸಿನ ಸಮೀಪದ ರಾಷ್ಟ್ರೀಯ ನಾಟಕ ಶಾಲೆಯ ಮುಂದೆ ಹಾದುಹೋಗುವಾಗಲೆಲ್ಲ, ದಕ್ಷಿಣ ಕನ್ನಡದ ಬಾಬುಕೋಡಿಯಲ್ಲಿ ಜನಿಸಿ, ಎಳವೆಯಲ್ಲಿಯೇ ಮನೆ ತೊರೆದು ಗುಬ್ಬಿ ನಾಟಕ ಕಂಪನಿಯನ್ನು ಸೇರಿ, ಅದರ ಒಡೆಯರಾದ ವೀರಣ್ಣನವರ ಔದಾರ್ಯದಿಂದ ಕಾಶಿಯಲ್ಲಿ ಉನ್ನತ ವ್ಯಾಸಂಗವನ್ನು ಪೂರೈಸಿದ ಬಿ. ವಿ. ಕಾರಂತರು, ತಾವು ವಿದ್ಯಾರ್ಥಿಯಾಗಿದ್ದ ಈ ಶಾಲೆಗೇ 1977ರಲ್ಲಿ ನಿರ್ದೇಶಕರಾಗಿ ಬಂದರೆಂಬ ಸಂಗತಿಯು ಮನಸ್ಸನ್ನು ಅಭಿಮಾನದಿಂದ ತುಂಬುತ್ತದೆ.

ಗಿರೀಶ ಕಾರ್ನಾಡರೊಡನೆ ‘ವಂಶವೃಕ್ಷ’ವನ್ನೂ, ಸ್ವರ್ಣಕಮಲ ಗಳಿಸಿದ ‘ಚೋಮನ ದುಡಿ’ಯನ್ನು ಸ್ವತಂತ್ರವಾಗಿಯೂ ನಿರ್ದೇಶಿಸಿ, ಚಲನಚಿತ್ರರಂಗದಲ್ಲಿ ಕೀರ್ತಿಯ ಶಿಖರದಲ್ಲಿದ್ದ ಈ ಮಹನೀಯರು, ಆ ಕೀರ್ತಿಯ ಬೆನ್ನು ಹತ್ತದೆ ರಂಗಶಿಕ್ಷಣದ ಶ್ರಮವನ್ನು ವರಿಸಿದರು. 1979ರಲ್ಲಿ ಅವರು ಶೇಕ್ಸ್‌ಪಿಯರನ ‘ಮ್ಯಾಕ್‌ಬೆತ್’ ನಾಟಕವನ್ನು ರಘುವೀರ ಸಹಾಯರ ಹಿಂದೀ ಅನುವಾದದಲ್ಲಿ ‘ಬರ್ನಂ ವನ’ವೆಂಬ ಹೆಸರಿನಿಂದ ರಂಗಕ್ಕೆ ತಂದಾಗ, ಹಿಂದೀ ಮಾತನಾಡುವ ನಟರ ಹೆಜ್ಜೆಗಳಲ್ಲಿ ನಮ್ಮ ಕರಾವಳಿಯ ಯಕ್ಷಗಾನವು ಮಿಡಿಯಿತು, ಸ್ಕಾಟ್ಲೆಂಡಿನ ರಾಜದ್ರೋಹಿಯ ಅಧಃಪತನವನ್ನು ರಾಜಧಾನಿಯ ಪ್ರೇಕ್ಷಕರು ತೆಂಕಣದ ಬಯಲಾಟದ ಲಯದಲ್ಲಿ ಕಂಡರು. ದೆಹಲಿಯ ಆವರಣಕ್ಕೇ ಸೀಮಿತವಾಗದೆ, ನಾಟಕ ಶಾಲೆಯ ಶಿಬಿರಗಳನ್ನು ದೂರದ ಮಧುರೆಯವರೆಗೂ ಕೊಂಡೊಯ್ದ ಅವರು, ಮುಂದೆ ಭೋಪಾಲದಲ್ಲಿ ರಂಗಮಂಡಲವೆಂಬ ನಾಟಕ ತಂಡವನ್ನೂ 1989ರಲ್ಲಿ ಮೈಸೂರಿನಲ್ಲಿ ರಂಗಾಯಣವೆಂಬ ರಂಗಸಂಸ್ಥೆಯನ್ನೂ ಕಟ್ಟಿದರು.

ತನ್ನ ನೆಲದ ಕಲೆಯನ್ನು ಅನ್ಯಭಾಷೆಯ ನಟರಿಗೆ ಧಾರೆಯೆರೆಯುವುದು ಪರಭಾಷೆಯ ಸೇವೆಯಷ್ಟೇ ಅಲ್ಲ, ಸ್ವಭಾಷೆಯ ಸೇವೆಯೂ ಹೌದೆಂಬುದನ್ನು ಕಾರಂತರು ಬಾಳಿ ತೋರಿಸಿದರು. ದೆಹಲಿ, ನೋಯ್ಡಾ, ಗುರುಗ್ರಾಮಗಳಲ್ಲಿ ನೆಲೆಸಿರುವ ಕನ್ನಡ ಬಂಧುಗಳೇ, ಮಂಡಿ ಹೌಸಿನ ರಂಗಮಂದಿರಗಳಿಗೆ ನಿಮ್ಮ ಮಕ್ಕಳನ್ನು ಕರೆದೊಯ್ಯಿರಿ. ಅಲ್ಲಿ ಕಾರಂತರ ಕಥೆಯನ್ನು ಅವರಿಗೆ ಕನ್ನಡದಲ್ಲಿಯೇ ಹೇಳಿರಿ.