ಆರೂವರೆ ಗಂಟೆಯ ದಾರಿ

‘ಅವಳು ಎಷ್ಟು ಹೊತ್ತಿಗೆ ಬರ್ತಾಳೋ?’

ಮೈಸೂರಿನ ಆಸ್ಪತ್ರೆಯಲ್ಲಿ ಮಲಗಿದ್ದ ನಮ್ಮಮ್ಮ ಅದೊಂದನ್ನೇ ಕೇಳುತ್ತಿದ್ದರು. ಮೊಮ್ಮಗಳು ಟೋಕಿಯೊದಲ್ಲಿ ಕೆಲಸಕ್ಕೆ ಸೇರಿ ಎರಡು ವರ್ಷವಾಗಿತ್ತು. ಆ ಜನವರಿಯಲ್ಲಿ ಅಜ್ಜಿಗೆ ಉಸಿರಾಟದ ತೊಂದರೆ ಹೆಚ್ಚಿತೆಂದು ತಿಳಿದದ್ದೇ ತಡ, ಸಿಕ್ಕಿದ ವಿಮಾನಕ್ಕೆ ಟಿಕೆಟ್ ಮಾಡಿಸಿದ್ದಳು.

ಒಂಬತ್ತನೇ ತರಗತಿಯ ಮಗ ಟಿಕೆಟ್ ನೋಡಿ ಥಟ್ಟನೆ ಹೇಳಿದ: ‘ಸಂಜೆ ಆರಕ್ಕೆ ಹೊರಟು ರಾತ್ರಿ ಹನ್ನೆರಡೂವರೆಗೆ ಬೆಂಗಳೂರು. ಆರೂವರೆ ಗಂಟೆ ಅಷ್ಟೇ ಅಜ್ಜಿ!’

ಮಧ್ಯಾಹ್ನ ಎರಡೂವರೆಗೆ ‘ವಿಮಾನ ಹೊರಡ್ತಿದೆ’ ಎಂದು ಮಗಳ ಫೋನು ಬಂತು. ಅಮ್ಮ ಬೆರಳು ಮಡಿಸಿ ಎಣಿಸಿದರು. ಒಂಬತ್ತು ಗಂಟೆಗೆ ಬಂದಿಳಿಯುತ್ತಾಳೆ!

ನನಗೆ ಎದೆ ಧಸಕ್ಕೆಂದಿತು. ಟಿಕೆಟ್ಟಿನಲ್ಲಿ ಅಚ್ಚಾಗುವುದು ಆಯಾ ಊರಿನ ಗಡಿಯಾರದ ಸಮಯ. ಟೋಕಿಯೊದ ಗಡಿಯಾರ ನಮ್ಮದಕ್ಕಿಂತ 3.30 ಗಂಟೆ ಮುಂದೆ. ಹೊರಗೆ ವರಾಂಡದಲ್ಲಿ ಮಗನನ್ನು ಕೂರಿಸಿ ಅಕ್ಕ ಹೋದಾಗಿನ ಲೆಕ್ಕವನ್ನೂ ಹಾಕಿಸಿದೆ. ರಾತ್ರಿ 2.30ಕ್ಕೆ ಹೊರಟು ಮಧ್ಯಾಹ್ನ 2ಕ್ಕೆ ತಲುಪಿದ್ದಳು. ಕಾಗದದ ಮೇಲೆ ಹನ್ನೊಂದೂವರೆ ಗಂಟೆ; ಮೂರೂವರೆ ಕಳೆದರೆ ಎಂಟು. ಬರುವಾಗಿನ ಆರೂವರೆಗೆ ಮೂರೂವರೆ ಕೂಡಿದರೆ ಹತ್ತು. ಚಿಕ್ಕದಾಗಿ ಕಂಡದ್ದೇ ದೊಡ್ಡ ಪ್ರಯಾಣ!

‘ಎರಡೂ ಕಡೆಗೆ ಅದೇ 6,700 ಕಿಲೋಮೀಟರ್ ಅಲ್ವಾ ಅಪ್ಪಾ?’ ಎಂದ. ಭೂಮಿ ತಿರುಗುವುದಕ್ಕೆ ಹೀಗಾಗುತ್ತದೆಂದು ಅವನ ಊಹೆ. ಆದರೆ ಭೂಮಿಯ ಜೊತೆಗೆ ಗಾಳಿಯೂ, ಅದರಲ್ಲಿ ತೇಲುವ ವಿಮಾನವೂ ತಿರುಗುತ್ತವೆ. ವ್ಯತ್ಯಾಸ ಮಾಡುವುದು ಜೆಟ್ ಸ್ಟ್ರೀಮ್. ಸುಮಾರು ಹತ್ತು ಕಿಲೋಮೀಟರ್ ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ನದಿಯಂತೆ ಹರಿಯುವ ಗಾಳಿ ಅದು. ಉತ್ತರದ ಚಳಿಗೂ ದಕ್ಷಿಣದ ಬಿಸಿಗೂ ಅಂತರ ಹೆಚ್ಚಿದಷ್ಟೂ ಅದರ ರಭಸ ಹೆಚ್ಚು. ಚಳಿಗಾಲದಲ್ಲಿ ಜಪಾನಿನ ಮೇಲೆ ಗಂಟೆಗೆ 300 ಕಿಲೋಮೀಟರನ್ನೂ ದಾಟುವುದುಂಟು. ಹೋಗುವಾಗ ಬೆನ್ನು ತಳ್ಳುವ ಗಾಳಿ, ಬರುವಾಗ ಎದೆಗೊಡ್ಡಿ ನಿಲ್ಲುತ್ತದೆ.

ಇದನ್ನು ಮೊದಲು ಅಳೆದವರೂ ಜಪಾನಿನವರೇ. 1920ರ ದಶಕದಲ್ಲಿ ವಸಾಬುರೊ ಓಯಿಶಿ ಎಂಬ ಹವಾಮಾನ ವಿಜ್ಞಾನಿ ಬಲೂನು ಹಾರಿಬಿಟ್ಟು, ಅದು ಸಾಗುವ ದಿಕ್ಕನ್ನು ದುರ್ಬೀನಿನಲ್ಲಿ ಹಿಂಬಾಲಿಸಿ ಕಂಡುಕೊಂಡರು. ಜಗತ್ತಿಗೆಲ್ಲ ತಿಳಿಯಲೆಂದು 1926ರಲ್ಲಿ ಎಸ್ಪೆರಾಂಟೊ ಭಾಷೆಯಲ್ಲಿ ವರದಿ ಬರೆದರು. ಪಾಪ, ಓದಿದವರೇ ಕಡಿಮೆ.

ಒಂಬತ್ತಾಯಿತು. ‘ಬಂದಳೇನೋ?’ ಎಂದರು ಅಮ್ಮ. ಮಗ ತಲೆ ತಗ್ಗಿಸಿ ನಿಂತ. ‘ಎದುರುಗಾಳಿಯಂತಮ್ಮಾ, ಇನ್ನೂ ತಡವಾಗುತ್ತೆ’ ಎಂದೆ. ಗಡಿಯಾರದ ವಿಷಯ ಎತ್ತಲಿಲ್ಲ. ಹನ್ನೊಂದಕ್ಕೆ ಮತ್ತೆ ಕೇಳಿದರು. ಒಂದಕ್ಕೂ ಕೇಳಿದರು. ನರ್ಸ್ ಬಂದು ಗದರಿದರೂ ಕಣ್ಣು ಮುಚ್ಚಲಿಲ್ಲ.

ಬೆಂಗಳೂರಿನಲ್ಲಿಳಿದು, ಕಾರು ಹಿಡಿದು, ಮಗಳು ಬಾಗಿಲಲ್ಲಿ ನಿಂತಾಗ ಬೆಳಗಿನ ಐದು. ಅಮ್ಮ ಅವಳ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಉಸಿರು ಕೂಡಿಸಿಕೊಂಡು ಕೇಳಿದರು:

‘ದಾರೀಲಿ ಗಾಳಿ ಜೋರಾಗಿತ್ತಂತಲ್ಲೇ ಮಗಳೇ?’