ಚಿತ್ರನಗರಿಯಲ್ಲಿ ಮೊಮ್ಮಗಳ ಪಾತ್ರ

ಹೈದರಾಬಾದ್ ನಗರದಿಂದ ವಿಜಯವಾಡದ ಹೆದ್ದಾರಿ ಹಿಡಿದು ಸುಮಾರು 30 ಕಿಲೋಮೀಟರ್ ಸಾಗಿದರೆ, ಬಂಡೆಗಲ್ಲಿನ ಬೋಳುಗುಡ್ಡಗಳ ನಡುವೆ ರಾಮೋಜಿ ಚಿತ್ರನಗರಿಯ ಹೆಬ್ಬಾಗಿಲು ಎದುರಾಗುತ್ತದೆ. ‘ಈನಾಡು’ ಪತ್ರಿಕೆಯ ಸಂಸ್ಥಾಪಕರಾದ ರಾಮೋಜಿರಾಯರು 1996ರಲ್ಲಿ ಕಟ್ಟಿಸಿದ ಈ ನಗರಿ, ಜಗತ್ತಿನ ಅತಿ ವಿಸ್ತಾರವಾದ ಚಲನಚಿತ್ರ ನಿರ್ಮಾಣ ಸಂಕೀರ್ಣವೆಂದು ಗಿನ್ನೆಸ್ ದಾಖಲೆಯಲ್ಲಿ ಹೆಸರು ಪಡೆದಿದೆ. ರಾಯರು 2024ರ ಜೂನ್ 8ರಂದು ಕಾಲವಾದರು. 2000ದಲ್ಲಿ ಅವರ ಸಂಸ್ಥೆ ಆರಂಭಿಸಿದ ಈಟಿವಿ ಕನ್ನಡ ವಾಹಿನಿಯೇ ಇಂದು ಕಲರ್ಸ್ ಕನ್ನಡ ಎಂಬ ಹೆಸರಿನಲ್ಲಿದೆ. ಶಾಲೆಯಲ್ಲೂ ಪೇಟೆಯಲ್ಲೂ ಕನ್ನಡ ಕಿವಿಗೆ ಬೀಳದ ನಮ್ಮಂಥ ಮನೆಗಳಿಗೆ ಆ ವಾಹಿನಿ ಮಾಡಿದ ಉಪಕಾರವನ್ನು ಮರೆಯಲಾಗದು.

ನಾವು ನಾರಾಯಣಪೇಟೆಯ ಕಡೆಯವರು. ಮೆಹಬೂಬ್‌ನಗರದ ಮಾರ್ಗವಾಗಿ ರಾಜಧಾನಿ ಸೇರಿ, ಬಂಧುಗಳ ಮನೆಯಲ್ಲಿ ಒಂದಿರುಳು ತಂಗಿ, ಮರುದಿನ ಬೆಳಿಗ್ಗೆ ಮಗ, ಸೊಸೆ, ಮನೆಯವರು ಹಾಗೂ ಏಳು ವರ್ಷದ ಮೊಮ್ಮಗಳೊಡನೆ ಚಿತ್ರನಗರಿಗೆ ಹೊರಟೆವು. ಹೊರಟದ್ದು ಕೇವಲ ನೋಡುವುದಕ್ಕಲ್ಲ. ಹಿಂದಿನ ವರ್ಷ ಶಾಲೆಯ ವಾರ್ಷಿಕೋತ್ಸವದಲ್ಲಿ ಮಗು ವೇದಿಕೆಯ ಮೇಲೆ ಮಾತು ಮರೆತು ನಿಂತಾಗ ಸಭೆಯಲ್ಲಿ ನಗೆ ಎದ್ದಿತ್ತು. ಅಂದಿನಿಂದ ಅಪರಿಚಿತರು ಹೆಸರು ಕೇಳಿದರೂ ತಾಯಿಯ ಸೆರಗಿನ ಹಿಂದೆ ಅಡಗುತ್ತಿದ್ದಳು. ಮನೆಯಲ್ಲಿ ಕನ್ನಡ, ಓಣಿಯಲ್ಲಿ ತೆಲುಗು, ಪುಸ್ತಕದಲ್ಲಿ ಇಂಗ್ಲಿಷ್ ಇರುವ ಮಗುವಿಗೆ ನಾಲಿಗೆ ತಡವರಿಸುವುದು ಸಹಜ. ನಗುವವರಿಗೆ ಅದು ತಿಳಿಯದು.

ಚಿತ್ರ ತಯಾರಾಗುವ ಬಗೆಯನ್ನು ತೋರಿಸುವ ಪ್ರದರ್ಶನವೊಂದು ಅಲ್ಲುಂಟೆಂದೂ, ಪ್ರೇಕ್ಷಕರನ್ನೇ ಕರೆದು ಕೆಲಸಕ್ಕೆ ಹಚ್ಚುತ್ತಾರೆಂದೂ ಬಂಧುಗಳು ಮೊದಲೇ ಹೇಳಿದ್ದರು. ‘ಶೋಲೆ’ ಚಿತ್ರದ ಬಸಂತಿ ದರೋಡೆಕೋರರಿಂದ ತಪ್ಪಿಸಿಕೊಳ್ಳಲು ಟಾಂಗಾ ಓಡಿಸುವ ದೃಶ್ಯವೇ ಅದರ ವಸ್ತು. ಮೊದಲ ಕೋಣೆಯಲ್ಲಿ ಪ್ರೇಕ್ಷಕರ ಪೈಕಿ ಒಬ್ಬ ಹೆಣ್ಣುಮಗಳನ್ನು ಕುದುರೆಯಿಲ್ಲದ ಟಾಂಗಾದಲ್ಲಿ ಕೂರಿಸಿ ಚಿತ್ರೀಕರಿಸುತ್ತಾರೆ. ಎರಡನೆಯದರಲ್ಲಿ ಕೆಲವರಿಂದ ಅದಕ್ಕೆ ಸದ್ದು ಕೂಡಿಸುತ್ತಾರೆ. ಮೂರನೆಯದರಲ್ಲಿ ಸಿದ್ಧವಾದ ಚಿತ್ರವನ್ನು ಪರದೆಯ ಮೇಲೆ ತೋರಿಸುತ್ತಾರೆ. ಸದ್ದಿನ ಕೆಲಸಕ್ಕೆ ಮಕ್ಕಳನ್ನೂ ಕರೆಯುವುದುಂಟು ಎಂಬ ಮಾತು ನಮ್ಮ ಮನೆಯವರ ಕಿವಿಗೆ ಬಿದ್ದದ್ದೇ ತಡ, ಸಿದ್ಧತೆ ಆರಂಭವಾಯಿತು.

ಕುದುರೆಯ ಗೊರಸಿನ ಸದ್ದಿಗೆ ತೆಂಗಿನ ಚಿಪ್ಪುಗಳನ್ನು ಬಳಸುವುದು ನಾಟಕ, ಬಾನುಲಿ, ಚಲನಚಿತ್ರಗಳಲ್ಲಿ ಹಳೆಯ ರೂಢಿ. ಎರಡು ಹೋಳು ಚಿಪ್ಪುಗಳನ್ನು ಉಜ್ಜಿ ನುಣುಪು ಮಾಡಿ, ಪಡಸಾಲೆಯ ತಾಂಡೂರು ಕಲ್ಲಿನ ಮೇಲೆ ಬಡಿದು ತೋರಿಸಿದರೆ ಟಾಂಗಾ ಅಂಗಳಕ್ಕೇ ಬಂದಂತಾಯಿತು. ಮೊದಲು ನಡಿಗೆ, ಆಮೇಲೆ ಓಟ, ಕಡೆಗೆ ನಾಗಾಲೋಟ. “ಈಗ ಕಳ್ಳರು ಬಂದ್ರು ನೋಡು, ಓಡ್ಸು” ಎಂದು ಅಜ್ಜಿ ಅನ್ನುವುದು, ಮೊಮ್ಮಗಳು ಕೈ ಬೀಸುವುದು. ಒಂದು ವಾರ ಮನೆಯಲ್ಲಿ ಬೇರೆ ಸದ್ದು ಕೇಳಲಿಲ್ಲ. ಮಾತು ಕಲಿಸುವ ಗೋಜಿಗೆ ಯಾರೂ ಹೋಗಲಿಲ್ಲ. ಮಗುವಿನ ಅಂಜಿಕೆ ಇದ್ದದ್ದು ಮಾತಿನಲ್ಲಿ, ಕೈಯಲ್ಲಲ್ಲ.

ಕಥೆಯನ್ನು ದಾರಿಯಲ್ಲಿ ನಾವೇ ಹೇಳಿದೆವು. ‘ಶೋಲೆ’ 1975ರ ಆಗಸ್ಟ್ 15ರಂದು ತೆರೆಕಂಡ ಚಿತ್ರ. ಅದರ ರಾಮಗಢ ಎಂಬ ಹಳ್ಳಿಯನ್ನು ಕಟ್ಟಿದ್ದು ಬೆಂಗಳೂರು ಮೈಸೂರುಗಳ ನಡುವಣ ರಾಮನಗರದ ಬಂಡೆಗಳ ಮಡಿಲಲ್ಲಿ. ಹೇಮಾಮಾಲಿನಿಯವರ ಬದಲಿಗೆ ಅಪಾಯದ ಸವಾರಿಗಳನ್ನು ಮಾಡಿದಾಕೆ ರೇಷ್ಮಾ ಪಠಾಣ್ ಎಂಬ ಸಾಹಸಿ. ಪರದೆಯ ಮೇಲೆ ಆಕೆಯ ಮುಖವೇ ಕಾಣುವುದಿಲ್ಲ. “ಮಾರಿ ಕಾಣಂಗಿಲ್ಲೇನು?” ಎಂದು ಮೊಮ್ಮಗಳು ಎರಡೆರಡು ಸಲ ಕೇಳಿ ಖಚಿತಪಡಿಸಿಕೊಂಡಳು. ಈ ಸಂಗತಿ ಆಕೆಗೆ ಬಹಳ ಹಿಡಿಸಿದಂತೆ ತೋರಿತು.

ನಗರಿಯೊಳಗೆ ಕೆಂಪು ಬಸ್ಸುಗಳು ಪ್ರವಾಸಿಗಳನ್ನು ಸುತ್ತಾಡಿಸುತ್ತವೆ. ವಿಮಾನವಿಲ್ಲದ ವಿಮಾನನಿಲ್ದಾಣ, ನಿಜವೆಂದೇ ತೋರುವ ರೈಲುನಿಲ್ದಾಣ, ಲಂಡನ್ನಿನ ಬೀದಿ, ‘ಬಾಹುಬಲಿ’ಯ ಮಾಹಿಷ್ಮತಿ ಎಲ್ಲವೂ ಉಂಟು. ವಾಚಕರು ಹೋಗಿಯೇ ನೋಡಬೇಕಾದ ಇವುಗಳನ್ನು ಇಲ್ಲಿ ವರ್ಣಿಸುವುದಿಲ್ಲ. ಮಗು ದಣಿಯುವ ಮೊದಲೇ ಟಾಂಗಾದ ಪ್ರದರ್ಶನ ಮುಗಿಯಲೆಂದು, ಬುತ್ತಿಯ ಗಂಟಿನಿಂದ ಎರಡು ಚಪಾತಿ ತಿನ್ನಿಸಿ, ಶೌಚಕ್ಕೆ ಕರೆದೊಯ್ದು, ಸಾಲಿನಲ್ಲಿ ಮುಂದಾಗಿ ನಿಂತೆವು. ಚಿಕ್ಕ ಮಕ್ಕಳಿದ್ದವರು ಈ ಕ್ರಮವನ್ನು ಪಾಲಿಸುವುದು ಲೇಸು; ಹಸಿದ ಮಗುವಿನಿಂದ ಯಾವ ಅಭಿನಯವೂ ಸಾಗದು.

ಮೊದಲ ಕೋಣೆಯಲ್ಲಿ ಯಾವುದೋ ಊರಿನ ಒಬ್ಬ ಗೃಹಿಣಿ ಬಸಂತಿಯಾದರು. ಟಾಂಗಾವನ್ನು ಅಲುಗಾಡಿಸುತ್ತಿದ್ದಂತೆ ಆಕೆ ಬೀಸಿದ ಚಾವಟಿಗೆ ಸಭೆಯೆಲ್ಲ ಚಪ್ಪಾಳೆ. ನಮ್ಮ ಮಗು ನಗಲಿಲ್ಲ, ಟಾಂಗಾದ ಮುಂದಿನ ಬಯಲು ಜಾಗವನ್ನೇ ದಿಟ್ಟಿಸುತ್ತಿದ್ದಳು.

ಎರಡನೆಯ ಕೋಣೆಯಲ್ಲಿ ನಿರೂಪಕರು ಹಿಂದಿಯಲ್ಲಿ ನಾಲ್ಕೈದು ಜನರನ್ನು ಕರೆದರು. ಮಕ್ಕಳು ಯಾರಾದರೂ ಬರುತ್ತೀರಾ ಎಂದೂ ಕೇಳಿದರು. ಸುತ್ತಲೂ ಹತ್ತಾರು ಕೈಗಳು ಮೇಲೆದ್ದವು. ಮೊಮ್ಮಗಳಿಗೆ ಅರ್ಥವಾಗಲಿಲ್ಲವೆಂದು ಅಜ್ಜಿ ಕಿವಿಯಲ್ಲಿ ಕನ್ನಡದಲ್ಲಿ ಹೇಳಿದರು. ಮಗ ಆಕೆಯನ್ನು ಎತ್ತಿ ಮುಂದೆ ಬಿಡಲು ಹೊರಟಾಗ ನಾವು ತೋಳು ಹಿಡಿದು ನಿಲ್ಲಿಸಿದೆವು. ತಾನಾಗಿ ಹೋಗದಿದ್ದರೆ ಹೋಗದಿರಲಿ. ಬಲವಂತದಿಂದ ವೇದಿಕೆ ಏರಿದ ಕಥೆ ಒಮ್ಮೆ ಆಗಿಯೇ ಇತ್ತು. ಕೆಲವು ಕ್ಷಣ ಅಜ್ಜಿಯ ಸೀರೆಯನ್ನು ಹಿಡಿದೇ ನಿಂತಿದ್ದಳು. ಆಮೇಲೆ ಕೈ ಎತ್ತಲಿಲ್ಲ, ನೇರವಾಗಿ ನಡೆದೇ ಹೋದಳು.

“ಆಪ್ಕಾ ನಾಮ್?” ಎಂದು ನಿರೂಪಕರು ಕೇಳಿದರು. ಉತ್ತರವಿಲ್ಲ. ತೆಲುಗಿನಲ್ಲಿ ಕೇಳಿದರು. ಆಗಲೂ ಇಲ್ಲ. ಸೊಸೆಯ ಮುಖ ಬಾಡಿತು; ಇಲ್ಲಿಂದಲೇ ಹೆಸರು ಕೂಗಿ ಹೇಳಲು ಬಾಯಿ ತೆರೆದರು. “ಸುಮ್ನಿರವ್ವಾ, ಬಾಯಿಲೆ ಆಗೋ ಕೆಲಸ ಅಲ್ಲ ಅದು” ಎಂದು ಮನೆಯವರು ತಡೆದರು. ಆ ನಿರೂಪಕರು ಒಳ್ಳೆಯ ಮನುಷ್ಯರು. ಮೂರನೆಯ ಬಾರಿ ಕೇಳದೆ, ಗೊರಸಿನ ಸದ್ದಿನ ಉಪಕರಣವನ್ನು ಮಗುವಿನ ಕೈಗಿತ್ತು ಪರದೆಯತ್ತ ಬೆರಳು ತೋರಿದರು.

ಚಿತ್ರ ಓಡತೊಡಗಿತು. ಗಾಳಿಯ ಸದ್ದಿನವರು ಅವಸರಪಟ್ಟರು, ಗಾಲಿಯ ಸದ್ದಿನವರು ತಡಮಾಡಿದರು. ಏಳು ವರ್ಷದ ಮಗು ಮಾತ್ರ ಪರದೆಯಿಂದ ಕಣ್ಣು ಕೀಳದೆ ಮೊದಲು ನಡಿಗೆ, ಆಮೇಲೆ ಓಟ, ಕಡೆಗೆ ನಾಗಾಲೋಟ ಎಂದು ಲಯ ತಪ್ಪದೆ ಬಡಿಯಿತು. ಮುಗಿದ ಮೇಲೂ ನಿಲ್ಲಿಸಲಿಲ್ಲ. ನಿರೂಪಕರೇ ಕೈ ಹಿಡಿಯಬೇಕಾಯಿತು. ಆಗ ಸಭೆ ನಕ್ಕಿತು. ನಮ್ಮ ಎದೆ ಒಮ್ಮೆ ಝಲ್ಲೆಂದಿತು. ಆದರೆ ಮಗುವೂ ನಗುತ್ತಿತ್ತು.

ಮೂರನೆಯ ಕೋಣೆಯಲ್ಲಿ ಆ ಗೃಹಿಣಿ ನಿಜವಾದ ಕುದುರೆಯ ಹಿಂದೆ ಬಂಡೆಗಳ ನಡುವೆ ಧಾವಿಸುವುದನ್ನು ಎಲ್ಲರೂ ನೋಡಿದರು. ಮೊಮ್ಮಗಳು ನೋಡುತ್ತಿರಲಿಲ್ಲ. ಕಣ್ಣು ಮುಚ್ಚಿ ಕೇಳುತ್ತಿದ್ದಳು. ಹೊರಗೆ ಬಂದ ಮೇಲೆ ಅವಳು ಆಡಿದ ಮೊದಲ ಮಾತು, “ಅಜ್ಜಾ, ನಡುವ ಒಂದು ಹೆಜ್ಜಿ ತಪ್ಪಿತ್ತು, ಯಾರಿಗೂ ಗೊತ್ತಾಗಲಿಲ್ಲ.”

ಮಧ್ಯಾಹ್ನದ ಬಿಸಿಲು ಏರಿತ್ತು. ಅಜ್ಜಿ ಮೊಮ್ಮಗಳಿಬ್ಬರೂ ಇನ್ನೊಮ್ಮೆ ಆ ಪ್ರದರ್ಶನದ ಸಾಲಿನಲ್ಲಿ ನಿಲ್ಲುವೆವೆಂದು ಹಟ ಹಿಡಿದರು. ಮಗ, ಸೊಸೆ ಮಾಹಿಷ್ಮತಿಯನ್ನು ನೋಡಲು ಹೊರಟರು. ನಾವು ಚೀಲಗಳನ್ನು ಕಾಯುತ್ತ ಬೇವಿನ ನೆರಳಿನಲ್ಲಿ ಕುಳಿತೆವು.